ಚಲೋ ಐತಿ, ಆದ್ರ ಲಾರಿ ನಿಂತೈತಿ

ಪ್ರಶ್ನೆ: ಬೆಂಗಳೂರಿನಲ್ಲಿ ಆರು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ಈಗ ಊರಿಗೆ ವಾಪಸ್ ಬಂದಿದ್ದೇನೆ. ಭತ್ತದ ಪ್ರತಿ ಲೋಡು ಯಾವ ಹೊಲದ್ದು, ಯಾವ ತಳಿ, ತೇವ ಎಷ್ಟು, ಯಾವ ಮಿಲ್ಲಿಗೆ ಹೋಯಿತು, ಅಕ್ಕಿಯಾಗಿ ಎಲ್ಲಿಗೆ ಹೋಯಿತು ಅನ್ನೋದನ್ನೆಲ್ಲ ಒಂದಕ್ಕೊಂದು ಜೋಡಿಸಿಡುವ ವ್ಯವಸ್ಥೆ ಮಾಡಿದೆ. ಒಳಗೆ ಸೆಮ್ಯಾಂಟಿಕ್ ವೆಬ್ (ಮಾಹಿತಿಯನ್ನು ಕಂಪ್ಯೂಟರಿಗೂ ಅರ್ಥವಾಗುವಂತೆ ಬರೆದಿಡುವ) ತಂತ್ರಜ್ಞಾನ ಬಳಸಿದ್ದೇನೆ. ಮೂರು ರೈಸ್ ಮಿಲ್ಲಿನವರು ಖುಷಿಯಿಂದ ಹಾಕಿಸಿಕೊಂಡರು. ಎರಡು ತಿಂಗಳಲ್ಲಿ ಮೂವರೂ ನೋಟ್‌ಬುಕ್ಕಿಗೆ ವಾಪಸ್ ಹೋದರು. ಈ ತಂತ್ರಜ್ಞಾನವನ್ನು ಇಪ್ಪತ್ತೈದು ವರ್ಷದಿಂದ ತಿಳಿದವರೆಲ್ಲ ಹೊಗಳುತ್ತಾರೆ, ಬಳಸುವವರು ಮಾತ್ರ ಕಾಣೋದಿಲ್ಲ. ಇಷ್ಟು ಒಳ್ಳೆಯ ತಂತ್ರಜ್ಞಾನಗಳು ಯಾಕೆ ಮೂಲೆ ಸೇರುತ್ತವೆ? ನಮ್ಮ ಕಡೆಯ ಜನಕ್ಕೆ ಕಷ್ಟದ್ದು ಬೇಡ ಅಂತಲಾ?
— ಒಬ್ಬ ಓದುಗ, ಗಂಗಾವತಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ನಿಮ್ಮ ಮಿಲ್ ಮಾಲೀಕರಿಗೆ ಕಷ್ಟದ್ದು ಬೇಡ ಅನ್ನೋದು ಸುಳ್ಳು. ಅವರ ಮಿಲ್ಲಿನೊಳಗೆ ಒಮ್ಮೆ ನಡೆದು ನೋಡಿ. ಸಾರ್ಟೆಕ್ಸ್ ಮಷಿನ್ ಇರುತ್ತದೆ. ಮೇಲಿಂದ ಅಕ್ಕಿ ಧಾರೆಯಾಗಿ ಬೀಳುತ್ತದೆ. ಕ್ಯಾಮೆರಾ ಕಾಳು ಕಾಳನ್ನೂ ನೋಡುತ್ತದೆ. ಕಪ್ಪಾದದ್ದು, ಹಳದಿಯಾದದ್ದು, ಸಣ್ಣ ಕಲ್ಲು ಕಂಡರೆ ರೆಪ್ಪೆ ಬಡಿಯುವಷ್ಟರಲ್ಲಿ ಗಾಳಿ ಊದಿ ಆಚೆ ತಳ್ಳುತ್ತದೆ. ಅದರೊಳಗಿನ ಲೆಕ್ಕ ನಿಮ್ಮ ಸಾಫ್ಟ್‌ವೇರಿಗಿಂತ ಸುಲಭದ್ದೇನಲ್ಲ. ಅದಕ್ಕೆ ಲಕ್ಷಗಟ್ಟಲೆ ಸುರಿದಿದ್ದಾರೆ. ಅಲ್ಲಿ ನಿಂತ ಹುಡುಗನಿಗೆ ಆ ಲೆಕ್ಕ ಗೊತ್ತಿಲ್ಲ, ಗೊತ್ತಾಗೋ ಅಗತ್ಯವೂ ಇಲ್ಲ. ಮೇಲೆ ಅಕ್ಕಿ ಸುರಿದ, ಕೆಳಗೆ ಬೆಳ್ಳಗಿನ ಅಕ್ಕಿ ಬಂತು, ಅದೇ ವಾರ ರೇಟು ಜಾಸ್ತಿ ಸಿಕ್ಕಿತು.

ಯುಪಿಐ ಕೂಡ ಹಾಗೇ. 2016ರಲ್ಲಿ ಶುರುವಾಯಿತು. ಎರಡು ಬ್ಯಾಂಕು, ನಡುವೆ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯ ಸ್ವಿಚ್ಚು, ಗೂಢಲಿಪಿ, ಪಿನ್ನು, ಎಲ್ಲ ಸೇರಿ ಕೆಲವೇ ಕ್ಷಣದಲ್ಲಿ ಮುಗಿಯಬೇಕು. ಅಂಥದ್ದನ್ನು ರಾಯಚೂರಿನ ಗಾಂಧಿ ಚೌಕದಲ್ಲಿ ಮಿರ್ಚಿ ಬಜ್ಜಿ ಮಾರುವವರೂ ಬಳಸುತ್ತಾರೆ. ಹಾಗಾಗಿ ಜನ ಕಷ್ಟಕ್ಕೆ ಹೆದರುತ್ತಾರೆ ಅನ್ನೋ ವಿವರಣೆಯನ್ನು ಇಲ್ಲೇ ಬಿಟ್ಟುಬಿಡಿ. ನಾನು ಕೇಳೋದು ಬೇರೆ. ಆ ಕಷ್ಟ ಯಾರ ತಲೆ ಮೇಲೆ ಕೂತಿದೆ? ಅದರ ಫಲ ಯಾರ ಮನೆಗೆ ಹೋಗುತ್ತದೆ? ಯಾವತ್ತು ಹೋಗುತ್ತದೆ?

ಕೆಲವು ವರ್ಷದ ಹಿಂದೆ ನಾನೂ ಕಾರಟಗಿ ಕಡೆಯ ಒಂದು ಮಿಲ್ಲಿಗೆ ನಿಮ್ಮಂಥದ್ದೇ ಒಂದು ವ್ಯವಸ್ಥೆ ಹಾಕಿಕೊಟ್ಟಿದ್ದೆ. ನಿಮ್ಮದರಷ್ಟು ಜಾಣತನದ್ದಲ್ಲ. ಸುಗ್ಗಿಯಲ್ಲಿ ಹೋಗಿ ನೋಡಿದರೆ ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿಟ್ಟಿದ್ದರು. ಗುಮಾಸ್ತರು ಪಾಪ, ಬಹಳ ಮರ್ಯಾದೆಯಿಂದಲೇ ಹೇಳಿದರು: "ಚಲೋ ಐತಿ ಸಾರ್. ಆದ್ರ ಹೊರಗ ಲಾರಿ ನಿಂತೈತಿ. ಹಮಾಲರು ಕಾಯಾಕತ್ತಾರ. ಹದಿನಾಲ್ಕು ಕಾಲಂ ತುಂಬೂತನ ಯಾರ್ ನಿಂದ್ರತಾರ?" ಹದಿನಾಲ್ಕು ಕಾಲಂ ಮಾಡಿದ್ದು ನಾನೇ. ಅದರಲ್ಲಿ ಹನ್ನೊಂದು ಮಾಲೀಕರ ರಿಪೋರ್ಟಿಗೆ. ಗುಮಾಸ್ತರಿಗೆ ಬೇಕಾದದ್ದು ಮೂರೇ: ಹೆಸರು, ತೂಕ, ಕೊಡಬೇಕಾದ ದುಡ್ಡು. ಬೆವರು ಅವರದು, ರಿಪೋರ್ಟು ಮಾಲೀಕರದು. ಟವೆಲ್ ಹೊದಿಸದೆ ಇನ್ನೇನು ಮಾಡುತ್ತಾರೆ?

ಈಗ ಸೆಮ್ಯಾಂಟಿಕ್ ವೆಬ್ಬಿನ ವಿಷಯ. ನಿಮಗೆ ಗೊತ್ತಿರೋದೇ, ಬೇರೆ ಓದುಗರಿಗಾಗಿ ಎರಡು ಮಾತು. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ ಅವರ ಕನಸು ಇದು. ವೆಬ್ ಪುಟವನ್ನು ಮನುಷ್ಯ ಓದಿ ಅರ್ಥ ಮಾಡಿಕೊಳ್ಳುತ್ತಾನೆ, ಕಂಪ್ಯೂಟರಿಗೆ ಅದು ಬರೀ ಅಕ್ಷರ. ಅದಕ್ಕೂ ಅರ್ಥವಾಗೋ ಹಾಗೆ ಬರೆದರೆ? ಪ್ರತಿ ವಿಷಯವನ್ನೂ ಮೂರು ತುಂಡಿನ ವಾಕ್ಯ ಮಾಡಿ. "ಈ ಲೋಡು — ತಳಿ — ಸೋನಾ ಮಸೂರಿ." "ಈ ಲೋಡು — ಬಂದ ಊರು — ಶ್ರೀರಾಮನಗರ." ಇಂಥ ವಾಕ್ಯ ಬರೆಯುವ ಕ್ರಮಕ್ಕೆ ಆರ್‌ಡಿಎಫ್ ಅಂತ ಹೆಸರು. 1999ರಲ್ಲೇ ಅದಕ್ಕೆ ಅಧಿಕೃತ ಮುದ್ರೆ ಬಿತ್ತು. 2001ರಲ್ಲಿ ಬರ್ನರ್ಸ್-ಲೀ ಮತ್ತು ಇಬ್ಬರು ಜೊತೆಗಾರರು ಒಂದು ಹೆಸರಾಂತ ವಿಜ್ಞಾನ ಪತ್ರಿಕೆಯಲ್ಲಿ ಈ ಕನಸನ್ನು ವಿವರಿಸಿ ಬರೆದರು. ನಮ್ಮ ಪರವಾಗಿ ಕೆಲಸ ಮಾಡುವ ಏಜೆಂಟ್ ಅನ್ನೋ ಸಾಫ್ಟ್‌ವೇರೇ ಅಮ್ಮನಿಗೆ ಹತ್ತಿರದ ಡಾಕ್ಟರನ್ನು ಹುಡುಕಿ, ಎಲ್ಲರ ಬಿಡುವು ನೋಡಿ, ಸಮಯ ಗೊತ್ತು ಮಾಡುತ್ತದೆ ಅಂತ ಕಥೆಯಾಗಿ ಹೇಳಿದ್ದರು. 2004ರಲ್ಲಿ ಪದಗಳ ನಡುವಿನ ಸಂಬಂಧ ಬರೆಯೋ ಓಡಬ್ಲ್ಯುಎಲ್ ಬಂತು, 2008ರಲ್ಲಿ ಆ ವಾಕ್ಯಗಳಲ್ಲಿ ಹುಡುಕೋ ಭಾಷೆ ಸ್ಪಾರ್ಕಲ್ ಬಂತು. ಪದರದ ಮೇಲೆ ಪದರ. ಒಂದೊಂದೂ ಅಚ್ಚುಕಟ್ಟು. ಓದಿದರೆ ಖುಷಿಯಾಗುತ್ತದೆ, ನನಗೂ ಆಗಿತ್ತು.

ಆದರೆ ಆ ವಾಕ್ಯಗಳನ್ನು ಬರೆಯುವವರು ಯಾರು? ವೆಬ್ ಪುಟ ಮಾಡುವವನು ತಾನೇ ಕೂತು ಬರೆಯಬೇಕಿತ್ತು. ಬರೆದರೆ ಅವನಿಗೇನು ಲಾಭ? ಮುಂದೆ ಯಾವತ್ತೋ, ಯಾರದೋ ಏಜೆಂಟ್ ಬಂದು ಓದಿದರೆ ಅನುಕೂಲ. ಆ ಏಜೆಂಟ್ ಇನ್ನೂ ಹುಟ್ಟಿರಲಿಲ್ಲ. ಬರೆದವರಿಲ್ಲ ಅಂತ ಏಜೆಂಟ್ ಹುಟ್ಟಲಿಲ್ಲ, ಏಜೆಂಟ್ ಇಲ್ಲ ಅಂತ ಯಾರೂ ಬರೆಯಲಿಲ್ಲ. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ ಅಂತಾರಲ್ಲ, ಹಾಗಾಯಿತು.

ಇನ್ನೊಂದು ತೊಂದರೆಯೂ ಇತ್ತು, ಅದನ್ನು ಭತ್ತದಲ್ಲೇ ಹೇಳುತ್ತೇನೆ. ಎಲ್ಲರೂ ಒಂದೇ ಪದವನ್ನು ಒಂದೇ ಅರ್ಥದಲ್ಲಿ ಬಳಸಿದರೆ ಮಾತ್ರ ಈ ವ್ಯವಸ್ಥೆ ನಡೆಯುತ್ತದೆ. ಒಂದು ಮಿಲ್ಲಿನಲ್ಲಿ "ಸೋನಾ" ಅಂದರೆ ಒಂದು, ಪಕ್ಕದ ಮಿಲ್ಲಿನಲ್ಲಿ ಇನ್ನೊಂದು. ಒಬ್ಬರು ಆರ್‌ಎನ್‌ಆರ್ ತಳಿಯನ್ನು ಬೇರೆ ಬರೆಯುತ್ತಾರೆ, ಇನ್ನೊಬ್ಬರು "ಸಣ್ಣದು" ಅಂತ ಬರೆದು ಮುಗಿಸುತ್ತಾರೆ. ಚೀಲ ಅಂದರೆ ಇಲ್ಲಿ ಭತ್ತಕ್ಕೆ 75 ಕೆ.ಜಿ., ಸರಕಾರದ ಲೆಕ್ಕ ಚೀಲದಲ್ಲಲ್ಲ, ಕ್ವಿಂಟಲಿನಲ್ಲಿ. ಹೋಗಲಿ, ಪದ ಒಂದು ಮಾಡಿದಿರಿ ಅಂದುಕೊಳ್ಳಿ. ಜನ ನಿಜ ಬರೆಯುತ್ತಾರಾ? ಒಂದು ಹೆಸರು ಬರೆದರೆ ಚೀಲಕ್ಕೆ ನೂರು ರೂಪಾಯಿ ಜಾಸ್ತಿ ಸಿಗುತ್ತದೆ ಅಂದರೆ ಯಾವ ಹೆಸರು ಬರೆಯುತ್ತಾರೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ವೆಬ್ಬಿನಲ್ಲೂ ಇದೇ ಆಗಿತ್ತು. ಪುಟದ ತಲೆಯಲ್ಲಿ ಕೀವರ್ಡ್ ಬರೆಯೋ ಜಾಗ ಒಂದಿತ್ತು. ಜನ ಅಲ್ಲಿ ಸಂಬಂಧವಿಲ್ಲದ್ದನ್ನೆಲ್ಲ ತುಂಬಿದರು. ನಾವು ಅದನ್ನು ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲಿ ಬಾಯಿಬಿಟ್ಟೇ ಹೇಳಿತು.

ಆಮೇಲೆ ನಡೆದದ್ದು ನಿಮಗೆ ಮುಖ್ಯ. 2011ರಲ್ಲಿ ಗೂಗಲ್, ಬಿಂಗ್, ಯಾಹೂ ಮೂರೂ ಸೇರಿ ಸ್ಕೀಮಾ ಡಾಟ್ ಆರ್ಗ್ ಅಂತ ಒಂದು ಪದಪಟ್ಟಿ ಮಾಡಿದವು. ದೊಡ್ಡ ಕನಸೇನಿಲ್ಲ. ಅಂಗಡಿಯ ಸಮಯ, ಅಡುಗೆಯ ವಿಧಾನ, ಸಿನಿಮಾ ಟೈಮು, ರೇಟಿಂಗ್. ಇಷ್ಟು ಸಾಲು ನಿಮ್ಮ ಪುಟದಲ್ಲಿ ಹಾಕಿ, ಹುಡುಕಿದಾಗ ನಿಮ್ಮ ಫಲಿತಾಂಶ ನಕ್ಷತ್ರದ ಸಮೇತ ಚೆಂದ ಕಾಣುತ್ತದೆ. ಅಷ್ಟೇ. ಜನ ಮುಗಿಬಿದ್ದರು. ಬರೆಯುವವನಿಗೇ ಲಾಭ, ಅದೂ ಬೇಗ. ತಮಾಷೆಯೆಂದರೆ ಅದನ್ನು ಬರೆಯುವ ಜೇಸನ್-ಎಲ್‌ಡಿ ಅನ್ನೋ ಕ್ರಮದ ಹೊಟ್ಟೆಯಲ್ಲಿರೋದು ಅದೇ ಹಳೇ ಆರ್‌ಡಿಎಫ್. ಬರೆಯುವ ನೂರರಲ್ಲಿ ತೊಂಬತ್ತು ಮಂದಿಗೆ ಅದು ಗೊತ್ತೂ ಇಲ್ಲ ಅನ್ನೋದು ನನ್ನ ಅಂದಾಜು. ಹಾಗಾಗಿ ನಿಮ್ಮ ತಂತ್ರಜ್ಞಾನ ಸತ್ತಿಲ್ಲ. ಹೆಸರು ಬಿಟ್ಟು, ವೇಷ ಬದಲಿಸಿಕೊಂಡು ಬದುಕಿದೆ.

ವೆಬ್ ಕೂಡ ಇಂಥದ್ದೇ ಒಂದು ಗೆಲುವು, ಅದನ್ನೂ ಹೇಳಿಬಿಡುತ್ತೇನೆ. ಅದಕ್ಕಿಂತ ಮೊದಲೇ, 1960ರಲ್ಲೇ, ಟೆಡ್ ನೆಲ್ಸನ್ ಝನಾಡು ಅನ್ನೋ ಯೋಜನೆ ಶುರು ಮಾಡಿದ್ದರು. ಅದರಲ್ಲಿ ಲಿಂಕ್ ಎರಡೂ ಕಡೆಯಿಂದ ಇರಬೇಕು, ಎಂದೂ ಮುರಿಯಬಾರದು, ಯಾರ ಬರಹ ಯಾರು ಬಳಸಿದರೂ ಬರೆದವರಿಗೆ ದುಡ್ಡು ಹೋಗಬೇಕು. ಯೋಚನೆ ಬಹಳ ದೊಡ್ಡದು. ಬರ್ನರ್ಸ್-ಲೀ 1989ರಲ್ಲಿ ಮುಂದಿಟ್ಟ ವೆಬ್ಬಿನಲ್ಲಿ ಲಿಂಕ್ ಒಂದೇ ಕಡೆಗೆ. ಆ ಕಡೆಯ ಪುಟ ಹೋದರೆ ಹೋಯಿತು, 404 ಅಂತ ಬರುತ್ತದೆ, ಯಾರೂ ಜವಾಬ್ದಾರರಲ್ಲ. ಪಂಡಿತರಿಗೆ ಇದು ಹರಕು ಅನಿಸಿದ್ದು ಸಹಜ. ಆದರೆ ಆ ಹರಕಿನಿಂದಲೇ ಯಾರನ್ನೂ ಕೇಳದೆ ಯಾರ ಪುಟಕ್ಕಾದರೂ ಲಿಂಕ್ ಹಾಕಬಹುದಿತ್ತು. 1993ರ ಏಪ್ರಿಲ್ 30ಕ್ಕೆ, ವೆಬ್ ಹುಟ್ಟಿದ ಸರ್ನ್ ಸಂಶೋಧನಾ ಸಂಸ್ಥೆ ಅದನ್ನು ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟಿತು. ಆಮೇಲಿನದು ನಿಮ್ಮ ಕೈಯಲ್ಲೇ ಇದೆ.

ಇಷ್ಟು ದೂರದ್ದು ಸಾಕು. ನನ್ನದೇ ಒಂದು ಪೆಟ್ಟಿನ ಕಥೆ ಹೇಳುತ್ತೇನೆ, ಯಾಕಂದರೆ ನಾನೂ ನಿಮ್ಮ ಹಾಗೆ "ಇದು ಒಳ್ಳೆಯದು, ಎಲ್ಲರೂ ಬಳಸಲೇಬೇಕು" ಅಂತ ಓಡಾಡಿದವನೇ. ನನ್ನದು ಯೂನಿಕೋಡ್.

2004ರ ಸುಮಾರು. ಬಳ್ಳಾರಿಯಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿಗೆ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಆಗ ಅಚ್ಚಿಗೆ ಅಕ್ಷರ ಜೋಡಿಸುವ ಎಲ್ಲ ಡಿಟಿಪಿ ಅಂಗಡಿಯಲ್ಲೂ ಪುಟ ಮಾಡೋಕೆ ಪೇಜ್‌ಮೇಕರ್, ಕನ್ನಡ ಟೈಪ್ ಮಾಡೋಕೆ ನುಡಿ, ಇಲ್ಲವೇ ಶ್ರೀಲಿಪಿ, ಬರಹ. ಇವುಗಳ ಹಳೇ ಫಾಂಟಿನ ಗುಟ್ಟು ಸರಳ. ಕಂಪ್ಯೂಟರಿನ ಮಟ್ಟಿಗೆ ಅಲ್ಲಿರೋದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ಅಂಗಿ ತೊಡಿಸಿರುತ್ತಾರೆ. ಫಾಂಟ್ ತೆಗೆದರೆ ಅಂಗಿ ಕಳಚುತ್ತದೆ, ಅರ್ಥವಿಲ್ಲದ ಇಂಗ್ಲಿಷ್ ಸಾಲು ಕಾಣುತ್ತದೆ. ಯೂನಿಕೋಡ್ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ. 1991ರಲ್ಲಿ ಬಂದ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ಒಂದು ಕಡೆ ಬರೆದದ್ದು ಎಲ್ಲ ಕಡೆ ಕನ್ನಡವೇ. ಹುಡುಕಬಹುದು, ಅಕಾರಾದಿಯಾಗಿ ಜೋಡಿಸಬಹುದು. ಎಷ್ಟು ಚೆಂದ ಅಲ್ವಾ?

ಚೆಂದದ ಹಿಂದೆ ಕಷ್ಟವೂ ಇತ್ತು. "ಶ್ರೀ" ಅನ್ನೋದನ್ನೇ ತಗೊಳ್ಳಿ. ನಮ್ಮ ಕಣ್ಣಿಗೆ ಒಂದು ಅಕ್ಷರ. ಯೂನಿಕೋಡಿನಲ್ಲಿ ನಾಲ್ಕು ಸಂಖ್ಯೆ: ಶ, ಅರ್ಧಾಕ್ಷರದ ಚಿಹ್ನೆ, ರ, ದೀರ್ಘ ಈಕಾರ. ಆ ನಾಲ್ಕನ್ನು ಹೆಣೆದು ಒಂದು ಅಕ್ಷರ ಮಾಡಿ ತೋರಿಸುವ ಕೆಲಸ ಕಂಪ್ಯೂಟರಿನದು. ವಿಂಡೋಸ್ ಎಕ್ಸ್‌ಪಿಗೆ ಆ ವಿದ್ಯೆ ಬರುತ್ತಿತ್ತು, ಅದರ ಜೊತೆ ಬರುತ್ತಿದ್ದ ಕನ್ನಡ ಫಾಂಟಿನ ಹೆಸರು ತುಂಗಾ. ನಮ್ಮ ಹೊಳೆಯದೇ ಅರ್ಧ ಹೆಸರು ಅಂತ ನನಗೆ ಅದರ ಮೇಲೆ ಇನ್ನೂ ಜಾಸ್ತಿ ಪ್ರೀತಿ. ಪೇಜ್‌ಮೇಕರಿಗೆ ಆ ವಿದ್ಯೆ ಇರಲಿಲ್ಲ. ಅದರ ಕೊನೆಯ ಆವೃತ್ತಿ, ಏಳನೆಯದು, ಬಂದದ್ದು 2001ರಲ್ಲಿ. ಆಮೇಲೆ ಅದು ಬೆಳೆಯಲೇ ಇಲ್ಲ.

ನಾನು ಪ್ರೆಸ್ಸಿನ ಮಾಲೀಕರ ತಲೆ ತಿಂದು ಒಂದು ಮದುವೆ ಕಾರ್ಡನ್ನು ವರ್ಡ್‌ನಲ್ಲಿ, ಯೂನಿಕೋಡಿನಲ್ಲೇ ಮಾಡಿಸಿದೆ. ನಮ್ಮ ಸ್ಕ್ರೀನಿನಲ್ಲಿ ಎಲ್ಲ ಸರಿಯಿತ್ತು. ಫೈಲು ಅಚ್ಚಿನ ಪ್ಲೇಟ್ ಮಾಡುವ ಅಂಗಡಿಗೆ ಹೋಯಿತು. ಅಲ್ಲಿದ್ದದ್ದು ಹಳೇ ವಿಂಡೋಸ್. ಕಾರ್ಡಿನ ನೆತ್ತಿಯ ಮೇಲೆ ದೇವರ ಹೆಸರಿನ "ಶ್ರೀ" ಮೂರು ತುಂಡಾಗಿ ಬಿತ್ತು. ಒತ್ತಕ್ಷರಗಳೆಲ್ಲ ಪಕ್ಕದಲ್ಲಿ ಸಾಲಾಗಿ ನಿಂತಿದ್ದವು, ರೇಷನ್ ಅಂಗಡಿಯ ಕ್ಯೂ ಥರ. ಯಾರೂ ನೋಡಲಿಲ್ಲ, ಐನೂರು ಕಾರ್ಡು ಅಚ್ಚಾಯಿತು. ಹುಡುಗಿಯ ಅಪ್ಪ ಕಾರ್ಡು ಹಿಡಿದುಕೊಂಡು ಬಂದಾಗ ನಾನು ಅಲ್ಲೇ ಇದ್ದೆ. ಏನು ಹೇಳಿದರು ಅಂತ ಇಲ್ಲಿ ಬರೆಯಲ್ಲ. ಕಾಗದದ ದುಡ್ಡು ನಾನು ಕೊಟ್ಟೆ. ಪ್ರೆಸ್ಸಿನವರು ಮಾರನೇ ದಿನವೇ ನುಡಿಗೆ ವಾಪಸ್ ಹೋದರು. ಇವತ್ತಿಗೂ ಅವರ ಒಂದು ಕಂಪ್ಯೂಟರಿನಲ್ಲಿ ಪೇಜ್‌ಮೇಕರ್ ಇದೆ.

ಬಹಳ ವರ್ಷ ನಾನು ಅವರನ್ನು ಹಟಮಾರಿ ಅಂದುಕೊಂಡಿದ್ದೆ. ಈಗ ಅವರ ಜಾಗದಲ್ಲಿ ನಿಂತು ನೋಡುತ್ತೇನೆ. ಯೂನಿಕೋಡಿನ ಲಾಭ ಏನು? ಹುಡುಕೋದು, ಕಳಿಸೋದು, ಹತ್ತು ವರ್ಷ ಬಿಟ್ಟು ತೆಗೆದು ಓದೋದು. ಮದುವೆ ಕಾರ್ಡನ್ನು ಯಾರು ಹುಡುಕುತ್ತಾರೆ? ಅವರಿಗೆ ಬೇಕಾದದ್ದು ಕಾಗದದ ಮೇಲೆ ಅಕ್ಷರ ಚೆನ್ನಾಗಿ ಕಾಣೋದು, ಅದೂ ಸಂಜೆಯೊಳಗೆ. ಜೊತೆಗೆ ಪ್ಲೇಟಿನವರು, ಪಕ್ಕದ ಡಿಟಿಪಿಯವರು, ಲೋಕಲ್ ಪತ್ರಿಕೆಯವರು ಎಲ್ಲರೂ ಒಟ್ಟಿಗೆ ಬದಲಾಗಬೇಕಿತ್ತು. ಒಬ್ಬರೇ ಬದಲಾದರೆ ಆಗೋದು ನಮಗೆ ಆದ ಹಾಗೆ.

ಹಾಗಾದರೆ ಯೂನಿಕೋಡ್ ಸೋತಿತಾ? ಇಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಸರಿಯಾಗಿ ಮೂಡೋಕೆ ಶುರುವಾದ ಮೇಲೆ ನೋಡಿ. ಹೊಸಪೇಟೆಯ ಹೂವಿನ ಅಂಗಡಿಯವರು, ಸಿಂಧನೂರಿನ ಟ್ರ್ಯಾಕ್ಟರ್ ಡ್ರೈವರು, ಎಲ್ಲರೂ ದಿನವಿಡೀ ಯೂನಿಕೋಡಿನಲ್ಲೇ ಬರೆಯುತ್ತಾರೆ. ಒಬ್ಬರಿಗೂ ಅದರ ಹೆಸರು ಗೊತ್ತಿಲ್ಲ. ಡಿಟಿಪಿಯವರನ್ನು ಬದಲಾಯಿಸೋಕೆ ನಾನು ಪಟ್ಟ ಪಾಡೆಲ್ಲ ದಂಡ. ಅವರು ಬದಲಾಗಲೇ ಇಲ್ಲ. ಅವರ ಪಕ್ಕದಲ್ಲಿ ಬೇರೆಯೇ ಜನ, ಬೇರೆಯೇ ಕೆಲಸಕ್ಕೆ ಅದನ್ನು ಬಳಸೋಕೆ ಶುರು ಮಾಡಿದರು. ಗಿರಾಕಿ ವಾಟ್ಸಾಪಿನಲ್ಲಿ ಮ್ಯಾಟರ್ ಕಳಿಸತೊಡಗಿದ ಮೇಲೆ ಡಿಟಿಪಿಯವರೇ ಯೂನಿಕೋಡನ್ನು ಹಳೇ ಫಾಂಟಿಗೆ ತಿರುಗಿಸುವ ಕನ್ವರ್ಟರ್ ಹುಡುಕಿಕೊಂಡರು.

ವಾಟ್ಸಾಪ್ ಅಂದಾಗ ನೆನಪಾಯಿತು. ಸಂದೇಶವನ್ನು ಬೇರೆ ಯಾರೂ ಓದದ ಹಾಗೆ ಗೂಢಲಿಪಿಗೆ ತಿರುಗಿಸುವ ಪಿಜಿಪಿ ಅನ್ನೋ ಸಾಫ್ಟ್‌ವೇರನ್ನು ಫಿಲ್ ಝಿಮ್ಮರ್‌ಮನ್ 1991ರಲ್ಲೇ ಬಿಟ್ಟಿದ್ದರು. 1999ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು 12 ಜನರನ್ನು ಕೂರಿಸಿ, 90 ನಿಮಿಷ ಕೊಟ್ಟು, ಒಂದು ಇಮೇಲನ್ನು ಸರಿಯಾಗಿ ಭದ್ರ ಮಾಡಿ ಕಳಿಸಿ ಅಂದರು. ಆದದ್ದು ಮೂರರಲ್ಲಿ ಒಂದು ಪಾಲು ಜನರಿಗೆ ಮಾತ್ರ. ಕೀಲಿ ಮಾಡು, ಹಂಚು, ಎದುರಿನವರ ಕೀಲಿ ನಿಜವೇ ನೋಡು, ಎಲ್ಲ ಬಳಸುವವರ ತಲೆ ಮೇಲೇ. 2016ರಲ್ಲಿ ವಾಟ್ಸಾಪ್ ಅದೇ ಥರದ ಭದ್ರತೆಯನ್ನು ಎಲ್ಲರ ಫೋನಿನಲ್ಲೂ ಹಾಕಿತು. ಯಾರೂ ಏನನ್ನೂ ಒತ್ತಬೇಕಾಗಲಿಲ್ಲ. ಗಣಿತ ಇನ್ನೂ ಕಷ್ಟದ್ದೇ ಆಗಿತ್ತು, ಹೊರುವವರು ಬದಲಾಗಿದ್ದರು.

ಇಲ್ಲಿ ನೀವು ಒಂದು ತಕರಾರು ತೆಗೆಯಬಹುದು. ಕೋಡಿನ ಹಳೇ ರೂಪಗಳನ್ನೆಲ್ಲ ಕಾಪಿಡುವ ಗಿಟ್ ಹೇಗೆ ಗೆದ್ದಿತು ಅಂತ. ನ್ಯಾಯವಾದ ತಕರಾರೇ. 2005ರಲ್ಲಿ, ಲೀನಕ್ಸ್ ಕಟ್ಟಿದ ಲೀನಸ್ ಟೊರ್ವಾಲ್ಡ್ಸ್ ಮಾಡಿದ ಈ ಸಾಧನ ಬಳಸುವವರ ತಲೆ ಕೆಡಿಸುವುದರಲ್ಲಿ ಎತ್ತಿದ ಕೈ. ತನ್ನ ಕಷ್ಟವನ್ನು ಅದು ಮುಚ್ಚಿಡೋದೂ ಇಲ್ಲ. ಆದರೂ ಹಬ್ಬಿತು. ಅದನ್ನು ಬಳಸೋಕೆ ಯಾರ ಒಪ್ಪಿಗೆಯೂ ಬೇಡ ಅನ್ನೋದು ಒಂದು ಕಾರಣ. ಒಬ್ಬನೇ, ನಿಮ್ಮದೇ ಲ್ಯಾಪ್‌ಟಾಪಿನಲ್ಲಿ, ಒಂದು ಆಜ್ಞೆ ಕೊಟ್ಟರೆ ಶುರು. ನಿನ್ನೆಯ ಕೋಡಿಗೆ ವಾಪಸ್ ಹೋಗಬಹುದು ಅನ್ನೋ ಲಾಭ ಮೊದಲ ದಿನವೇ ನಿಮಗೇ ಸಿಗುತ್ತದೆ. 2008ರಲ್ಲಿ ಗಿಟ್ ಕೋಡನ್ನು ಹಂಚಿಕೊಳ್ಳುವ ತಾಣ ಗಿಟ್‌ಹಬ್ ಬಂದ ಮೇಲೆ ಊರೆಲ್ಲ ಅಲ್ಲಿ ಸೇರಿತು. ಜೊತೆಗೆ ಬಳಸುವವರು ಪ್ರೋಗ್ರಾಮರ್‌ಗಳು. ಕಲಿಯೋದೇ ಅವರ ಕಸುಬು. ನಿಮ್ಮ ಗುಮಾಸ್ತರ ಕಸುಬು ಲಾರಿ ಕಳಿಸೋದು.

ಒಬ್ಬರೇ ಸಣ್ಣದಾಗಿ ಪರೀಕ್ಷೆ ಮಾಡಿ ನೋಡೋದಕ್ಕೆ ಆಗಬೇಕು ಅನ್ನೋ ಮಾತು ಕಂಪ್ಯೂಟರಿನಿಂದ ಹುಟ್ಟಿದ್ದಲ್ಲ, ಹೊಲದಿಂದ ಹುಟ್ಟಿದ್ದು. ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹೇಗೆ ಹಬ್ಬಿತು ಅಂತ ರಯಾನ್ ಮತ್ತು ಗ್ರಾಸ್ ಅನ್ನೋ ಇಬ್ಬರು ಅಧ್ಯಯನ ಮಾಡಿ 1943ರಲ್ಲಿ ಪ್ರಕಟಿಸಿದರು. ಎರಡು ಊರಿನ 259 ರೈತರು. ಬೀಜ ಸಿಗೋಕೆ ಶುರುವಾದ ಮೇಲೆ ಇಬ್ಬರನ್ನು ಬಿಟ್ಟು ಎಲ್ಲರೂ ಬದಲಾಗೋಕೆ ಹದಿಮೂರು ವರ್ಷದಷ್ಟು ಹಿಡಿಯಿತು. ಇಳುವರಿ ಕಣ್ಣಿಗೆ ಕಾಣುವಷ್ಟು ಜಾಸ್ತಿ ಇದ್ದರೂ! ಮೊದಲ ವರ್ಷ ಹೊಲದ ಒಂದು ಮೂಲೆ, ಆಮೇಲೆ ಸ್ವಲ್ಪ ಜಾಸ್ತಿ, ಹಾಗೆ. ಪಕ್ಕದ ಹೊಲ ನೋಡಿ ಮನಸ್ಸು ಮಾಡಿದವರೇ ಬಹಳ. ಎವರೆಟ್ ರೋಜರ್ಸ್ 1962ರಲ್ಲಿ ಇದನ್ನೆಲ್ಲ ಕ್ರೋಡೀಕರಿಸಿ, ಹೊಸದು ಹಬ್ಬಬೇಕಾದರೆ ಐದು ಗುಣ ನೋಡಿ ಅಂದರು: ಹಳೆಯದಕ್ಕಿಂತ ಲಾಭ, ಈಗಿನ ರೂಢಿಗೆ ಹೊಂದಾಣಿಕೆ, ಕಷ್ಟ ಎಷ್ಟು, ಪರೀಕ್ಷೆ ಮಾಡಿ ನೋಡಲು ಆಗುತ್ತದೆಯೇ, ಫಲ ಬೇರೆಯವರ ಕಣ್ಣಿಗೆ ಬೀಳುತ್ತದೆಯೇ. ರಾಯಚೂರು ಕಡೆಯ ಹತ್ತಿಯನ್ನು ಇದಕ್ಕೆ ಹೊಂದಿಸಿ ನೋಡಿ. 2002ರಲ್ಲಿ ಒಪ್ಪಿಗೆ ಸಿಕ್ಕ ಬಿಟಿ ಬೀಜದ ವಿಜ್ಞಾನ ಎಂಥ ಗಹನದ್ದು! ಆದರೆ ರೈತ ಮಾಡಬೇಕಾದದ್ದು ಮೊದಲಿನ ಹಾಗೇ ಬಿತ್ತೋದು. ಗುಲಾಬಿ ಕಾಯಿಕೊರಕ ಆಮೇಲೆ ವಾಪಸ್ ಬಂತು, ಅದು ಬೇರೆ ಕಥೆ.

ನಿಮ್ಮ ವ್ಯವಸ್ಥೆಯನ್ನು ಮೂಲೆ ಹೊಲದಲ್ಲಿ ಬಿತ್ತಿ ನೋಡೋಕೆ ಆಗುತ್ತದಾ? ನೀವು ಬರೆದದ್ದು ನೋಡಿದರೆ ಇಲ್ಲ ಅನಿಸುತ್ತದೆ. ಹೊಲ, ದಲಾಲಿ ಅಂಗಡಿ, ಮಿಲ್ಲು, ಅಕ್ಕಿ ಕೊಳ್ಳುವವರು, ಎಲ್ಲರೂ ತುಂಬಿದರೆ ಮಾತ್ರ ಸರಪಳಿ ಪೂರ್ತಿ. ಹೀಗೆ ಎಲ್ಲರೂ ಸೇರಿದರೆ ಮಾತ್ರ ನಡೆಯುವ ವ್ಯವಸ್ಥೆಯಲ್ಲಿ ಇನ್ನೊಂದು ಗಂಟೂ ಇರುತ್ತದೆ. ಮಿಲ್ಲಿನವರು ಒಬ್ಬರಿಗೊಬ್ಬರು ಪೈಪೋಟಿಯವರು. ಯಾವ ರೈತನಿಂದ ಎಷ್ಟಕ್ಕೆ ಕೊಂಡೆ ಅಂತ ಪಕ್ಕದವನಿಗೆ ಗೊತ್ತಾಗೋ ಕಡೆ ಅವರು ಯಾಕೆ ಬರೆಯುತ್ತಾರೆ? ಮೆರ್ಸ್ಕ್ ಅನ್ನೋ ಹಡಗು ಕಂಪನಿ ಮತ್ತು ಐಬಿಎಂ ಸೇರಿ 2018ರಲ್ಲಿ ಟ್ರೇಡ್‌ಲೆನ್ಸ್ ಅಂತ ಬ್ಲಾಕ್‌ಚೈನ್ (ಎಲ್ಲರ ಹತ್ತಿರವೂ ಒಂದೇ ಪ್ರತಿ ಇರುವ ಲೆಕ್ಕದ ಪುಸ್ತಕ) ವ್ಯವಸ್ಥೆ ತಂದಿದ್ದವು. ಪ್ರಪಂಚದ ಹಡಗು ಸಾಗಣೆಯ ಕಾಗದಪತ್ರವೆಲ್ಲ ಒಂದೇ ಕಡೆ. 2022ರ ನವೆಂಬರಿನಲ್ಲಿ ಮುಚ್ಚುತ್ತೇವೆ ಅಂದರು. ಇಡೀ ಉದ್ಯಮ ಕೈಜೋಡಿಸಲಿಲ್ಲ ಅನ್ನೋದೇ ಅವರು ಕೊಟ್ಟ ಕಾರಣ. ಅಷ್ಟು ದೊಡ್ಡವರಿಗೇ ಆಗಲಿಲ್ಲ.

ಇನ್ನೊಂದು ವಿಷಯ. ಸಾಫ್ಟ್‌ವೇರಿನವರು ಇದರ ಬಗ್ಗೆ ಬಹಳ ಕಡಿಮೆ ಮಾತಾಡುತ್ತಾರೆ, ನನ್ನ ಪ್ರಕಾರ ನಮ್ಮಂಥ ಊರಿನಲ್ಲಿ ಅರ್ಧ ಉತ್ತರ ಇದೇ. ರೈತ ಮೋಟಾರ್ ಪಂಪು ಕೊಳ್ಳುವಾಗ ಏನು ನೋಡುತ್ತಾನೆ? ಇದು ಸುಟ್ಟರೆ ನಮ್ಮೂರ ರಿವೈಂಡಿಂಗ್ ಅಂಗಡಿಯವನು ಸುತ್ತಿಕೊಡುತ್ತಾನಾ ಅಂತ. ಸಿರುಗುಪ್ಪದಲ್ಲೋ ಮಾನ್ವಿಯಲ್ಲೋ ಸುತ್ತೋಕೆ ಬಾರದ ಮೋಟಾರು ಎಷ್ಟೇ ಚಲೋ ಇರಲಿ, ಬೆಳೆ ಒಣಗೋ ಹೊತ್ತಿಗೆ ಬರೀ ಕಬ್ಬಿಣ. ಟ್ಯಾಲಿ ಯಾಕೆ ಎಲ್ಲ ಅಂಗಡಿಯಲ್ಲೂ ಇದೆ? 1986ರಲ್ಲಿ ಶುರುವಾದ ಬೆಂಗಳೂರಿನ ಕಂಪನಿ. ಲೆಕ್ಕದ ಪುಸ್ತಕ ಬರೆಯುವವರ ರೂಢಿಗೆ ಹತ್ತಿರ ಇದೆ ಅನ್ನೋದು ಒಂದು. ಅದಕ್ಕಿಂತ ದೊಡ್ಡದು, ಓಣಿಗೊಬ್ಬ "ಟ್ಯಾಲಿ ಬರೋ ಹುಡುಗ" ಸಿಗುತ್ತಾನೆ. ಒಬ್ಬ ಬಿಟ್ಟು ಹೋದರೆ ಮಾರನೇ ದಿನ ಇನ್ನೊಬ್ಬ. ನಿಮ್ಮ ಸ್ಪಾರ್ಕಲ್ ಬರೋ ಹುಡುಗ ಕೊಪ್ಪಳ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆ? ನೀವೊಬ್ಬರು. ನಿಮಗೆ ನಾಳೆ ಬೆಂಗಳೂರಿನಿಂದ ಒಳ್ಳೆಯ ಕರೆ ಬಂದರೆ? ಮಾಲೀಕರು ಬಾಯಿಬಿಟ್ಟು ಕೇಳಿರಲಿಕ್ಕಿಲ್ಲ, ಮನಸ್ಸಿನಲ್ಲಿ ಖಂಡಿತ ಲೆಕ್ಕ ಹಾಕಿರುತ್ತಾರೆ. ಅವರು ವ್ಯಾಪಾರಸ್ಥರು. ಒಬ್ಬನೇ ಮೆಕ್ಯಾನಿಕ್ ಇರೋ ಗಾಡಿ ಅವರು ಕೊಳ್ಳಲ್ಲ.

ಈಗ ಏನು ಮಾಡಬೇಕು? ನಾನಾದರೆ ಮೂರರಲ್ಲಿ ಎರಡು ಮಿಲ್ಲು ಸದ್ಯಕ್ಕೆ ಬಿಡುತ್ತೇನೆ. ಒಂದೇ ಮಿಲ್ಲು, ಅದರಲ್ಲೂ ವೇಬ್ರಿಡ್ಜಿನ ಖೋಲಿ ಒಂದೇ. ತೂಕದ ಯಂತ್ರದಿಂದ ತೂಕ ತಾನಾಗಿ ಬರಲಿ, ಯಾರೂ ಟೈಪ್ ಮಾಡೋದು ಬೇಡ. ಹೆಸರಿನ ಎರಡು ಅಕ್ಷರ ಒತ್ತಿದರೆ ಹಳೇ ರೈತರ ಹೆಸರು ಕಾಣಲಿ. ಚೀಟಿ ಅಚ್ಚಾಗಲಿ, ಅದೇ ಚೀಟಿ ರೈತನ ವಾಟ್ಸಾಪಿಗೂ ಹೋಗಲಿ. "ನನ್ನ ತೂಕ ಎಷ್ಟು ಬರೆದೀರಿ" ಅಂತ ಬರುವ ಫೋನು ಕಡಿಮೆಯಾದರೆ ಗುಮಾಸ್ತರು ಸಂಜೆ ಬೇಗ ಮನೆಗೆ ಹೋಗುತ್ತಾರೆ. ಅವರು ನಿಮ್ಮ ಪರ ಆದರೆ ಮಾಲೀಕರನ್ನು ಒಪ್ಪಿಸೋ ಕೆಲಸ ಅವರೇ ಮಾಡುತ್ತಾರೆ. ತಳಿಯ ಹೆಸರು ಅವರು ಹೇಗೆ ಬರೆಯುತ್ತಾರೋ ಹಾಗೇ ಬರೆಯಲಿ. "ಸಣ್ಣದು" ಅಂದರೆ ಏನು ಅಂತ ಹೊಂದಿಸಿಕೊಳ್ಳುವ ಗೋಳು ನಿಮ್ಮ ಸರ್ವರಿನದು, ಅವರದಲ್ಲ. ಆರ್‌ಡಿಎಫ್ ಒಳಗಿದೆ ಅಂತ ಯಾರಿಗೂ ಹೇಳಬೇಡಿ. ಬೇಜಾರಾಗಬೇಡಿ, ಒಂದು ಮಿಲ್ಲಿಗೆ ಆರ್‌ಡಿಎಫ್ ಬೇಕೇ ಬೇಕಾ ಅಂತಲೂ ಒಮ್ಮೆ ಕೇಳಿಕೊಳ್ಳಿ. ಡೇಟಾಬೇಸಿನ ಹತ್ತು ಸಾಧಾರಣ ಟೇಬಲ್ಲು ಸಾಕಾಗಬಹುದು. ಹತ್ತು ಟೇಬಲ್ಲಾದರೆ ಅದನ್ನು ರಿಪೇರಿ ಮಾಡುವ ಹುಡುಗ ಕೊಪ್ಪಳದಲ್ಲೇ ಸಿಗುತ್ತಾನೆ.

ಹೊಲದಿಂದ ಅಕ್ಕಿ ಚೀಲದವರೆಗಿನ ಪೂರ್ತಿ ಇತಿಹಾಸ ಬೇಕಾಗಿರೋದು ದೂರದ ದೊಡ್ಡ ಖರೀದಿದಾರರಿಗೆ. ಅದು ನಿಜವಾಗಿ ಬೇಕಿದ್ದರೆ ಅದಕ್ಕೆ ಅವರು ಚೀಲಕ್ಕಿಷ್ಟು ಅಂತ ಮಿಲ್ಲಿಗೆ ದುಡ್ಡು ಕೊಡಲಿ. ಕೊಡಲ್ಲ ಅಂದರೆ ನಿಮ್ಮ ದೊಡ್ಡ ಕನಸಿಗೆ ಇನ್ನೂ ಗಿರಾಕಿ ಹುಟ್ಟಿಲ್ಲ ಅಂತ ಅರ್ಥ. ಇದನ್ನು ಕೋಡ್ ಬರೆಯೋ ಮೊದಲೇ ಕೇಳಬಹುದಿತ್ತು. ನಾನೂ ನನ್ನ ಕಾಲದಲ್ಲಿ ಕೇಳಿರಲಿಲ್ಲ, ಬಿಡಿ.

ಸುಗ್ಗಿ ಹತ್ತಿರ ಬಂದಾಗ ಒಂದು ವಾರ ಸುಮ್ನೆ ಆ ವೇಬ್ರಿಡ್ಜಿನ ಖೋಲಿಯಲ್ಲಿ ಹೋಗಿ ಕೂತುಕೊಳ್ಳಿ. ಲ್ಯಾಪ್‌ಟಾಪ್ ಬೇಡ. ಗುಮಾಸ್ತರ ನೋಟ್‌ಬುಕ್ಕಿನಲ್ಲಿ ತೂಕ, ದುಡ್ಡು ಎಲ್ಲ ಆದ ಮೇಲೆ ಬಲಗಡೆ ಸ್ವಲ್ಪ ಜಾಗ ಉಳಿದಿರುತ್ತದೆ. ಅಲ್ಲಿ ಅವರು ಏನೇನೋ ಗೀಚಿರುತ್ತಾರೆ. "ಅರ್ಧ ದುಡ್ಡು ಮಗನ ಕೈಯಾಗ." "ಚೀಲ ನಮ್ಮವು, ವಾಪಸ್ ಬರಬೇಕು." "ಮದುವಿ ಐತಿ, ಪೂರಾ ಚುಕ್ತಾ ಮಾಡಬೇಕು." ಕಾರಟಗಿಯಲ್ಲಿ ನಾನು ಮಾಡಿದ ಹದಿನಾಲ್ಕು ಕಾಲಂನಲ್ಲಿ ಇದಕ್ಕೆ ಜಾಗ ಇರಲಿಲ್ಲ. ನಿಮ್ಮದರಲ್ಲಿ ಇದೆಯಾ?